ಮುಂದಿನ ಕ್ರ್ಯಾಂಕ್ ಸೀಲ್ ಬದಲಿಸುವುದು: ಸೋರಿಕೆ ಮತ್ತೆ ಬಾರದ ಹಾಗೆ

ಕ್ರ್ಯಾಂಕ್‌ಶಾಫ್ಟ್‌ನ ಮುಂದಿನ ತುದಿ ಎಂಜಿನ್ನಿನ ಗೋಡೆ ದಾಟಿ ಹೊರಗೆ ಬರುವ ಕಡೆ ಒಂದು ಸಣ್ಣ ಉಂಗುರ ಕೂತಿರುತ್ತದೆ, ಅದೇ ಕ್ರ್ಯಾಂಕ್ ಸೀಲ್. ಅದರ ಒಳಬದಿಗೆ ಬಿಸಿ ಆಯಿಲ್, ಹೊರಬದಿಗೆ ಧೂಳು ಮತ್ತು ನೀರು. 40 ಮಿಲಿಮೀಟರ್ ದಪ್ಪದ ಶಾಫ್ಟ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಅದರ ಮೈ ಈ ಉಂಗುರದ ಲಿಪ್ಪಿನ (ಶಾಫ್ಟಿಗೆ ಒತ್ತಿಕೊಂಡ ಒಳ ಅಂಚಿನ) ಕೆಳಗೆ ಸೆಕೆಂಡಿಗೆ ಸುಮಾರು ಹನ್ನೆರಡೂವರೆ ಮೀಟರ್ ವೇಗದಲ್ಲಿ ಉಜ್ಜಿ ಓಡುತ್ತದೆ. ಇಷ್ಟು ಕೆಲಸವನ್ನು ವರ್ಷಗಟ್ಟಲೆ ಸದ್ದಿಲ್ಲದೆ ಮಾಡಿದ ಸೀಲ್ ಒಂದು ದಿನ ಸೋರತೊಡಗಿದರೆ ಅದಕ್ಕೆ ಕಾರಣ ಇರುತ್ತದೆ. ಕಾರಣವನ್ನು ಹುಡುಕದೆ ಹೊಸ ಸೀಲ್ ಬಡಿದು ಕೂರಿಸಿದರೆ ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಎಣ್ಣೆ ಕಾಣಿಸಿಕೊಳ್ಳಬಹುದು. ಸೀಲ್ ಬಿಚ್ಚಿ ಹಾಕುವುದು ಇಡೀ ಕೆಲಸದಲ್ಲಿ ತೀರಾ ಚಿಕ್ಕ ಭಾಗ. ಅಲ್ಲಿಯವರೆಗೆ ತಲುಪುವುದು, ಶಾಫ್ಟನ್ನು ಪರೀಕ್ಷಿಸುವುದು, ಎಂಜಿನ್ನಿನ ಒಳಗಿನ ಒತ್ತಡವನ್ನು ನೋಡುವುದು, ಇವೇ ನಿಜವಾದ ಕೆಲಸ.

ಸೋರುತ್ತಿರುವುದು ಈ ಸೀಲೇ ಹೌದೇ?

ಎಣ್ಣೆ ಯಾವಾಗಲೂ ಕೆಳಕ್ಕೆ ಹರಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಸೀಲ್, ಆಯಿಲ್ ಪ್ರೆಷರ್ ಸ್ವಿಚ್, ಆಯಿಲ್ ಫಿಲ್ಟರ್, ಇವುಗಳಲ್ಲಿ ಯಾವುದು ಸೋರಿದರೂ ಎಣ್ಣೆ ಕೊನೆಗೆ ಕ್ರ್ಯಾಂಕ್ ಪುಲ್ಲಿಯ ಆಸುಪಾಸಿಗೇ ಬಂದು ಸೇರುತ್ತದೆ. ಆದ್ದರಿಂದ ಮೊದಲು ಎಂಜಿನ್ನಿನ ಮುಂಭಾಗವನ್ನು ಡಿಗ್ರೀಸರ್ ಹಾಕಿ ಚೆನ್ನಾಗಿ ತೊಳೆದು ಒಣಗಿಸಿ. ಆಮೇಲೆ ಒಂದೆರಡು ದಿನ ಗಾಡಿ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ಸೋರಿಕೆಯ ಮೂಲ.

ಕ್ರ್ಯಾಂಕ್ ಸೀಲ್ ಸೋರಿದರೆ ಸಿಗುವ ಗುರುತು ಬೇರೆ. ಪುಲ್ಲಿಯ ಹಿಂಬದಿ ಒದ್ದೆಯಾಗಿರುತ್ತದೆ. ತಿರುಗುವ ಪುಲ್ಲಿ ಎಣ್ಣೆಯನ್ನು ಎರಚುವುದರಿಂದ ಸುತ್ತಲಿನ ಕವರ್, ಚಾಸಿ, ಸ್ಪ್ಲ್ಯಾಶ್ ಶೀಲ್ಡ್ ಮೇಲೆ ಒಂದೇ ಗೆರೆಯಲ್ಲಿ ಎಣ್ಣೆಯ ಪಟ್ಟಿ ಬಿದ್ದಿರುತ್ತದೆ. ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿನಿಂದ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಬೆಲ್ಟ್) ಇರುವ ಎಂಜಿನ್ನಿನಲ್ಲಾದರೆ ಕೆಳಗಿನ ಬೆಲ್ಟ್ ಕವರಿನ ತಳದಿಂದ ಹನಿ ಜಿನುಗುತ್ತದೆ. ಇಷ್ಟಾದ ಮೇಲೂ ಅನುಮಾನ ಉಳಿದರೆ ಆಯಿಲ್‌ಗೆ ಯುವಿ ಡೈ (ಯುವಿ ಬೆಳಕಿನಲ್ಲಿ ಹೊಳೆಯುವ ಬಣ್ಣ) ಬೆರೆಸಿ ಯುವಿ ಟಾರ್ಚಿನ ಬೆಳಕಿನಲ್ಲಿ ನೋಡಬಹುದು.

ಬಿಚ್ಚುವ ಮೊದಲು ಬ್ರೀದರ್ ನೋಡಿ

ಈ ಹಂತವನ್ನು ಬಹಳಷ್ಟು ಜನ ಬಿಟ್ಟೇಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇದಕ್ಕೆ ಸೀಲಿನಷ್ಟೇ ತೂಕ.

ಪಿಸ್ಟನ್ ರಿಂಗ್‌ಗಳನ್ನು ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಕ್ರ್ಯಾಂಕ್‌ಕೇಸಿನೊಳಕ್ಕೆ ಇಳಿಯುತ್ತದೆ. ಅದನ್ನು ಹೀರಿ ಮತ್ತೆ ಇನ್‌ಟೇಕ್‌ಗೆ ಕಳಿಸಲು ಪಿಸಿವಿ ವಾಲ್ವ್, ಬ್ರೀದರ್ ಪೈಪುಗಳು ಇರುತ್ತವೆ. ಈ ದಾರಿ ಮಸಿ ಕಟ್ಟಿ ಮುಚ್ಚಿಹೋದರೆ ಒಳಗೆ ಒತ್ತಡ ಏರುತ್ತದೆ. ಹೊರಬರಲು ದಾರಿ ಇಲ್ಲದ ಒತ್ತಡ ಎಲ್ಲಕ್ಕಿಂತ ದುರ್ಬಲವಾದ ಜಾಗವನ್ನು ಹುಡುಕುತ್ತದೆ. ಹಲವು ಎಂಜಿನ್‌ಗಳಲ್ಲಿ ಆ ಜಾಗ ಕ್ರ್ಯಾಂಕ್ ಮತ್ತು ಕ್ಯಾಮ್ ಸೀಲ್‌ಗಳೇ. ಹಳೆಯ ವೋಲ್ವೋ ಎಂಜಿನ್‌ಗಳಲ್ಲಿ ಬ್ರೀದರ್ ದಾರಿಯಲ್ಲಿರುವ ಫ್ಲೇಮ್ ಟ್ರ್ಯಾಪ್ ಕಟ್ಟಿಕೊಂಡು ಸೀಲ್‌ಗಳು ಸೋರುವುದು ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು, ಆಯಿಲ್ ತುಂಬುವ ಮುಚ್ಚಳ ತೆಗೆದು, ಅದರ ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಡಿ. ಪೆಟ್ರೋಲ್ ಎಂಜಿನ್ ಆರೋಗ್ಯವಾಗಿದ್ದರೆ ಹಾಳೆ ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಳೆ ಉಬ್ಬಿ ಹಾರಲು ನೋಡಿದರೆ, ಇಲ್ಲವೇ ಹೊಗೆ ಬುಸುಬುಸು ಎಂದು ಬಂದರೆ ಒತ್ತಡ ಇದೆ ಎಂದರ್ಥ. ಪಿಸಿವಿ ವಾಲ್ವನ್ನು ಬಿಚ್ಚಿ ಅಲುಗಾಡಿಸಿ. ಸಾಮಾನ್ಯ ಮಾದರಿಯ ವಾಲ್ವ್ ಒಳಗಿನಿಂದ ಟಕಟಕ ಸದ್ದು ಕೊಡಬೇಕು. ಪೈಪುಗಳ ಒಳಗೆ ಗಟ್ಟಿಯಾದ ಕೆಸರಿದ್ದರೆ ತೊಳೆಯಿರಿ, ರಬ್ಬರ್ ಬಿರಿದಿದ್ದರೆ ಬದಲಿಸಿ. ಬ್ರೀದರ್ ಶುಚಿಯಾಗಿದ್ದೂ ಒತ್ತಡ ಜೋರಾಗಿಯೇ ಇದ್ದರೆ ರಿಂಗ್‌ಗಳು ಸವೆದಿರುವ ಸಂಭವ ಹೆಚ್ಚು. ಆಗ ಕಂಪ್ರೆಷನ್ ಅಳೆಸದೆ ಸೀಲಿಗೆ ದುಡ್ಡು ಹಾಕಬೇಡಿ.

ನಿಮ್ಮ ಎಂಜಿನ್ ಯಾವ ಬಗೆಯದು

ಟೈಮಿಂಗ್ ಚೈನ್ ಇರುವ ಎಂಜಿನ್‌ಗಳಲ್ಲಿ ಸೀಲ್ ಸಾಮಾನ್ಯವಾಗಿ ಮುಂದಿನ ಟೈಮಿಂಗ್ ಕವರಿನಲ್ಲೇ ಇರುತ್ತದೆ. ಅದರ ಲಿಪ್ ಉಜ್ಜುವುದು ಕ್ರ್ಯಾಂಕ್ ಪುಲ್ಲಿಯ ಹಬ್ ಮೇಲೆ. ಪುಲ್ಲಿ ತೆಗೆದರೆ ಸೀಲ್ ಕೈಗೆ ಸಿಗುತ್ತದೆ, ಚೈನ್ ಮುಟ್ಟುವ ಅಗತ್ಯ ಬೀಳುವುದಿಲ್ಲ.

ಟೈಮಿಂಗ್ ಬೆಲ್ಟ್ ಇದ್ದರೆ ಕೆಲಸ ದೊಡ್ಡದು. ಪುಲ್ಲಿ, ಬೆಲ್ಟ್ ಕವರ್, ಬೆಲ್ಟ್, ಕ್ರ್ಯಾಂಕ್ ಸ್ಪ್ರಾಕೆಟ್ (ಬೆಲ್ಟ್ ಕೂರುವ ಹಲ್ಲುಚಕ್ರ) ಎಲ್ಲವೂ ಹೊರಗೆ ಬಂದ ಮೇಲೆಯೇ ಸೀಲ್ ಕಾಣುತ್ತದೆ. ಅದು ಹೆಚ್ಚಾಗಿ ಆಯಿಲ್ ಪಂಪ್‌ನ ಮೈಯಲ್ಲಿ ಕೂತಿರುತ್ತದೆ. ಎಣ್ಣೆ ಕುಡಿದ ಬೆಲ್ಟನ್ನು ಒರೆಸಿ ಮತ್ತೆ ಹಾಕಬೇಡಿ. ಎಣ್ಣೆಗೆ ರಬ್ಬರ್ ಉಬ್ಬಿ ಹಲ್ಲುಗಳು ಕಿತ್ತುಬರುತ್ತವೆ. ಅಲ್ಲಿಯವರೆಗೆ ಕೈ ಹೋಗಿರುವಾಗ ಕ್ಯಾಮ್ ಸೀಲ್, ಟೆನ್ಷನರ್, ಬೆಲ್ಟ್‌ನಿಂದ ಓಡುವ ವಾಟರ್ ಪಂಪ್ ಇವನ್ನೂ ಒಟ್ಟಿಗೇ ಬದಲಿಸುವುದು ಲಾಭ. ಫೋರ್ಡ್‌ನ 1.0 ಲೀಟರ್ ಇಕೋಬೂಸ್ಟ್‌ನ ಮೊದಲ ಪೀಳಿಗೆಯಂತೆ ಬೆಲ್ಟ್ ಎಣ್ಣೆಯಲ್ಲೇ ಓಡುವ ಎಂಜಿನ್‌ಗಳ ಕ್ರಮ ಬೇರೆ, ಅವುಗಳಿಗೆ ಈ ಬೆಲ್ಟಿನ ಮಾತು ಅನ್ವಯಿಸುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಹೆಚ್ಚಿನ ಎಂಜಿನ್‌ಗಳಲ್ಲಿ ಪುಲ್ಲಿ ಮತ್ತು ಸ್ಪ್ರಾಕೆಟ್ ಜಾಗ ತಪ್ಪದಂತೆ ಶಾಫ್ಟ್‌ನಲ್ಲಿ ಒಂದು ಕೀ (ತೋಡಿನಲ್ಲಿ ಕೂರುವ ಸಣ್ಣ ಲೋಹದ ತುಂಡು) ಇರುತ್ತದೆ. ಆದರೆ ಫೋರ್ಡ್ ಡ್ಯುರಾಟೆಕ್, ಮಜ್ದಾ ಎಂಜ಼ಡ್‌ಆರ್ ಮುಂತಾದ ಕೆಲವು ಎಂಜಿನ್‌ಗಳಲ್ಲಿ ಕೀ ಇಲ್ಲ. ಬೋಲ್ಟ್‌ನ ಬಿಗಿತವೊಂದೇ ಟೈಮಿಂಗ್ ಸ್ಪ್ರಾಕೆಟನ್ನು ಹಿಡಿದಿರುತ್ತದೆ. ಅಲ್ಲಿ ಬೋಲ್ಟ್ ಸಡಿಲಿಸಿದ ಕ್ಷಣ ಟೈಮಿಂಗ್ ಕೈತಪ್ಪುತ್ತದೆ. ಅಂಥ ಎಂಜಿನ್ನಿಗೆ ಕ್ಯಾಮ್ ಮತ್ತು ಕ್ರ್ಯಾಂಕನ್ನು ಸರಿಯಾದ ಸ್ಥಾನದಲ್ಲಿಡುವ ಟೈಮಿಂಗ್ ಟೂಲ್‌ಗಳಿಲ್ಲದೆ ಕೈ ಹಾಕಲೇಬಾರದು. ನಿಮ್ಮ ಎಂಜಿನ್ ಯಾವ ಗುಂಪಿನದು ಎಂಬುದನ್ನು ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ನೋಡಿಯೇ ಮುಂದುವರಿಯಿರಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಜ್ಯಾಕ್, ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕೊಡುವ ಗುಟ್ಟ, ಸಾಕೆಟ್ ಸೆಟ್, ಉದ್ದನೆಯ ಬ್ರೇಕರ್ ಬಾರ್, ಪುಲ್ಲಿ ತಿರುಗದಂತೆ ಹಿಡಿಯುವ ಟೂಲ್, ಬೋಲ್ಟ್ ಹಾಕಿ ಎಳೆಯುವ ಪುಲ್ಲರ್, ಸೀಲ್ ಕೀಳುವ ಕೊಕ್ಕೆ, ವರ್ನಿಯರ್, ಟಾರ್ಕ್ ರೆಂಚ್, ಕೋನ ಅಳೆಯುವ ಗೇಜ್. ಬಿಡಿಭಾಗಗಳಲ್ಲಿ ಹೊಸ ಸೀಲ್, ಮ್ಯಾನ್ಯುಯಲ್ ಹೇಳಿದರೆ ಹೊಸ ಕ್ರ್ಯಾಂಕ್ ಬೋಲ್ಟ್, ಬೇಕಾದ ಬೆಲ್ಟ್‌ಗಳು.

ಸೀಲ್ ಕೊಳ್ಳುವಾಗ ಪಾರ್ಟ್ ನಂಬರ್ ಜೊತೆಗೆ ಅದರ ಮೇಲಿನ ಅಳತೆಯನ್ನೂ ಓದಿ. 35×50×8 ಎಂದಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲವೂ ಮಿಲಿಮೀಟರಿನಲ್ಲಿ. ಸಾಧಾರಣ ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲೇ ಬೇಗ ಗಟ್ಟಿಯಾಗತೊಡಗುತ್ತದೆ. ಎಫ್‌ಕೆಎಂ, ಅಂದರೆ ವೈಟಾನ್ ಜಾತಿಯ ರಬ್ಬರ್ ಸುಮಾರು 200 ಡಿಗ್ರಿ ತಾಳುತ್ತದೆ. ಎರಡೂ ಸಿಗುವಂತಿದ್ದರೆ ಎರಡನೆಯದನ್ನೇ ಆರಿಸಿ. ಲಿಪ್ಪಿನ ಮೇಲೆ ಓರೆ ಗೀರುಗಳಿದ್ದು ಬಾಣದ ಗುರುತಿದ್ದರೆ ಅದು ಶಾಫ್ಟ್ ತಿರುಗುವ ದಿಕ್ಕು. ಆ ಗೀರುಗಳು ಎಣ್ಣೆಯನ್ನು ಒಳಕ್ಕೆ ತಳ್ಳಲೆಂದೇ ಮಾಡಿರುವುದರಿಂದ ಬಾಣಕ್ಕೆ ವಿರುದ್ಧವಾಗಿ ಶಾಫ್ಟ್ ತಿರುಗಿದರೆ ಸೀಲ್ ಹೊಸದಾಗಿದ್ದೂ ಸೋರುತ್ತದೆ.

ಪುಲ್ಲಿಯವರೆಗೆ

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಸಮತಟ್ಟು ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಗುಟ್ಟ ಕೊಟ್ಟು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಗಾಡಿ ನೆಲದ ಮೇಲಿರುವಾಗಲೇ ಚಕ್ರದ ನಟ್‌ಗಳನ್ನು ಅರ್ಧ ಸಡಿಲಿಸಿ, ಆಮೇಲೆ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ, ಐದು ನಿಮಿಷದ ಕೆಲಸವಾದರೂ ಸರಿ.

ಅಡ್ಡ ಕೂತ ಎಂಜಿನ್ನಿನಲ್ಲಿ ಪುಲ್ಲಿ ಇರುವ ಬದಿಯ ಚಕ್ರ, ಒಳಗಿನ ಪ್ಲಾಸ್ಟಿಕ್ ಶೀಲ್ಡ್ ತೆಗೆದರೆ ಜಾಗ ಸಿಗುತ್ತದೆ. ಫ್ಯಾನ್ ಬೆಲ್ಟ್ ಯಾವ ಯಾವ ಪುಲ್ಲಿ ಸುತ್ತಿ ಹೋಗಿದೆ ಎಂದು ಫೋಟೋ ತೆಗೆದಿಟ್ಟುಕೊಂಡು ಆಮೇಲೆ ಬಿಚ್ಚಿ. ಟೈಮಿಂಗ್ ಬೆಲ್ಟ್ ತೆಗೆಯಲು ಹಲವು ಗಾಡಿಗಳಲ್ಲಿ ಆ ಬದಿಯ ಎಂಜಿನ್ ಮೌಂಟಿಂಗ್ ಬಿಚ್ಚಬೇಕಾಗುತ್ತದೆ. ಆಗ ಆಯಿಲ್ ಚೇಂಬರಿನ ಕೆಳಗೆ ದಪ್ಪ ಮರದ ಹಲಗೆ ಇಟ್ಟು ಜ್ಯಾಕಿನಿಂದ ಎಂಜಿನ್ನಿಗೆ ಆಧಾರ ಕೊಡಿ.

ಕ್ರ್ಯಾಂಕ್ ಬೋಲ್ಟ್ ಇಡೀ ಎಂಜಿನ್ನಿನಲ್ಲೇ ಅತ್ಯಂತ ಬಿಗಿಯಾದ ಬೋಲ್ಟ್‌ಗಳಲ್ಲಿ ಒಂದು. ಕೆಲವಕ್ಕೆ 100 ನ್ಯೂಟನ್ ಮೀಟರ್ ಆಸುಪಾಸು, ಕೆಲವಕ್ಕೆ 300 ದಾಟುತ್ತದೆ. ಪುಲ್ಲಿಯನ್ನು ಅದಕ್ಕೆಂದೇ ಇರುವ ಟೂಲಿನಿಂದ ಹಿಡಿಯುವುದು ಮೊದಲ ಆಯ್ಕೆ. ಫ್ಲೈವೀಲ್ ಹಲ್ಲಿಗೆ ಲಾಕ್ ಕೊಡುವುದು ಎರಡನೆಯದು. ಮ್ಯಾನ್ಯುಯಲ್ ಗೇರಿನ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿದರೂ ಬಹಳ ಸಲ ಸಾಕಾಗುತ್ತದೆ. ಕ್ಯಾಮ್ ಲಾಕ್ ಪಿನ್ ಅಥವಾ ಟೈಮಿಂಗ್ ಬೆಲ್ಟಿನ ಬಲದ ಮೇಲೆ ಈ ಬೋಲ್ಟ್ ಬಿಚ್ಚಬೇಡಿ, ಅವು ಅಷ್ಟು ಬಲ ತಾಳಲು ಮಾಡಿದವಲ್ಲ. ಬ್ರೇಕರ್ ಬಾರನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ತಿರುಗಿಸುವ ಪದ್ಧತಿಯೂ ಬೇಡ. ಬಾರ್ ಜಾರಿದರೆ ಕೈ ಮುರಿಯುತ್ತದೆ. ಬೋಲ್ಟ್ ಯಾವ ಕಡೆಗೆ ಬಿಚ್ಚುತ್ತದೆ ಎಂಬುದನ್ನೂ ಮ್ಯಾನ್ಯುಯಲ್‌ನಲ್ಲಿ ಖಚಿತ ಮಾಡಿಕೊಳ್ಳಿ.

ಪುಲ್ಲಿ ಸುಲಭಕ್ಕೆ ಬಾರದಿದ್ದರೆ ಹೊರಗಿನ ಅಂಚಿಗೆ ಪುಲ್ಲರ್ ಹಾಕಿ ಎಳೆಯಬಾರದು. ಬಹುತೇಕ ಪುಲ್ಲಿಗಳಲ್ಲಿ ಒಳಗಿನ ಹಬ್ ಮತ್ತು ಹೊರಗಿನ ಉಂಗುರದ ನಡುವೆ ನಡುಕ ಹೀರುವ ರಬ್ಬರ್ ಪದರ ಇರುತ್ತದೆ. ಅಂಚು ಹಿಡಿದು ಎಳೆದರೆ ಆ ರಬ್ಬರ್ ಕಿತ್ತುಹೋಗಿ ಪುಲ್ಲಿಯೇ ಹಾಳಾಗುತ್ತದೆ. ಹಬ್‌ನಲ್ಲಿರುವ ಥ್ರೆಡ್ ಕೊರೆದ ರಂಧ್ರಗಳಿಗೆ ಬೋಲ್ಟ್ ಹಾಕಿ, ನಡುವೆ ಶಾಫ್ಟ್‌ನ ಥ್ರೆಡ್‌ಗೆ ಪೆಟ್ಟಾಗದಂತೆ ಅಡ್ಡ ಕೊಟ್ಟು ನೇರಕ್ಕೆ ಎಳೆಯಿರಿ. ಪುಲ್ಲಿ ಅಥವಾ ಸ್ಪ್ರಾಕೆಟಿನ ಹಿಂದೆ ಸೆನ್ಸರಿನ ಹಲ್ಲುಚಕ್ರ ಇದ್ದರೆ ಅದಕ್ಕೆ ಏಟು ಬೀಳದಿರಲಿ. ಒಂದು ಹಲ್ಲು ಬಾಗಿದರೂ ಗಾಡಿ ಸ್ಟಾರ್ಟ್ ಆಗದೆ ತೊಂದರೆ ಕೊಡಬಹುದು.

ಬೆಲ್ಟ್ ಎಂಜಿನ್ನಿನವರು ಬೆಲ್ಟ್ ತೆಗೆಯುವ ಮೊದಲು ಮೊದಲನೆ ಸಿಲಿಂಡರನ್ನು ಟಿಡಿಸಿಗೆ (ಪಿಸ್ಟನ್ ಅತಿ ಮೇಲಿರುವ ಸ್ಥಾನಕ್ಕೆ) ತಂದು, ಕ್ಯಾಮ್ ಮತ್ತು ಕ್ರ್ಯಾಂಕ್ ಸ್ಪ್ರಾಕೆಟ್‌ಗಳ ಗುರುತುಗಳು ಕೂಡಿರುವುದನ್ನು ನೋಡಿ. ಬಿಳಿ ಪೇಂಟ್‌ನಿಂದ ನಿಮ್ಮದೇ ಗುರುತು ಕೂಡ ಹಾಕಿಕೊಳ್ಳಿ. ಬೆಲ್ಟ್ ಇಲ್ಲದಿರುವಾಗ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ತಿರುಗಿಸಬೇಡಿ, ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ತಾಕುತ್ತದೆ. ಸ್ಪ್ರಾಕೆಟ್ ಹಿಂದಿನ ಗೈಡ್ ಪ್ಲೇಟ್ ಯಾವ ಮುಖವಾಗಿ ಕೂತಿತ್ತು ಎಂಬುದಕ್ಕೂ ಒಂದು ಫೋಟೋ ಇರಲಿ. ಶಾಫ್ಟ್‌ನಲ್ಲಿರುವ ಕೀಯನ್ನು ತೆಗೆದು ಭದ್ರವಾಗಿಡಿ.

ಹಳೆಯ ಸೀಲ್ ತೆಗೆಯುವುದು

ಕೀಳುವ ಮೊದಲು ಹಳೆಯ ಸೀಲ್ ಕವರಿನ ಅಂಚಿನಿಂದ ಎಷ್ಟು ಒಳಗೆ ಕೂತಿದೆ ಎಂದು ವರ್ನಿಯರಿನಿಂದ ಅಳೆದು ಬರೆದಿಡಿ. ಹೊಸದನ್ನು ಕೂರಿಸುವಾಗ ಈ ಒಂದು ಸಂಖ್ಯೆ ಬಹಳ ಉಪಕಾರಕ್ಕೆ ಬರುತ್ತದೆ.

ಕೊಕ್ಕೆಯನ್ನು ಲಿಪ್ಪಿನ ಹಿಂದೆ ಸಿಕ್ಕಿಸಿ, ಒಂದೇ ಕಡೆ ಜಗ್ಗದೆ, ಸುತ್ತಲೂ ಸ್ವಲ್ಪ ಸ್ವಲ್ಪ ಎಬ್ಬುತ್ತಾ ಬನ್ನಿ. ಸ್ಕ್ರೂಡ್ರೈವರ್ ಬಳಸುವುದಾದರೆ ತುದಿಗೆ ಟೇಪ್ ಸುತ್ತಿ, ಶಾಫ್ಟ್ ಮೇಲೆ ಬಟ್ಟೆ ಹಾಕಿಕೊಳ್ಳಿ. ಇಲ್ಲಿ ಶಾಫ್ಟ್ ಮೇಲೆ ಬಿದ್ದ ಒಂದು ಗೀರು, ವಿಶೇಷವಾಗಿ ಉದ್ದಕ್ಕೆ ಬಿದ್ದದ್ದು, ಹೊಸ ಸೀಲಿನ ಕೆಳಗೆ ಎಣ್ಣೆಗೆ ಕಾಲುವೆ ತೋಡಿಕೊಟ್ಟ ಹಾಗೆ. ಯಾವುದಕ್ಕೂ ಜಗ್ಗದ ಸೀಲಿಗೆ ಅದರ ತಗಡಿನ ಭಾಗದಲ್ಲಿ ಎದುರುಬದುರು ಎರಡು ಸಣ್ಣ ತೂತು ಕೊರೆದು, ಅವಕ್ಕೆ ಸ್ಕ್ರೂ ತಿರುಗಿಸಿ, ಸ್ಕ್ರೂ ತಲೆಗಳನ್ನು ಇಕ್ಕಳದಿಂದ ಎಳೆಯಬಹುದು. ಡ್ರಿಲ್ ತುದಿಗೆ ಗ್ರೀಸ್ ಹಚ್ಚಿದರೆ ಚೂರುಗಳು ಅಂಟಿಕೊಂಡು ಬರುತ್ತವೆ, ಒಳಗೆ ಬೀಳುವುದಿಲ್ಲ. ಡ್ರಿಲ್ ತಗಡು ದಾಟಿದ ಕೂಡಲೇ ನಿಲ್ಲಿಸಿ.

ಶಾಫ್ಟ್: ಇಲ್ಲಿ ಅವಸರ ಬೇಡ

ತೆಗೆದ ಸೀಲನ್ನು ಕೂಡಲೇ ಎಸೆಯದೆ ನೋಡಿ. ಲಿಪ್ ಕಲ್ಲಿನಂತೆ ಗಟ್ಟಿಯಾಗಿ ಬಿರಿದಿದ್ದರೆ ವಯಸ್ಸು ಮತ್ತು ಬಿಸಿ ಕಾರಣ. ರಬ್ಬರ್ ಮೆತ್ತಗೇ ಇದ್ದೂ ಲಿಪ್ ಹೊರಕ್ಕೆ ಮಗುಚಿಕೊಂಡಿದ್ದರೆ ಅಥವಾ ಸೀಲ್ ತನ್ನ ಗೂಡಿನಿಂದ ಹೊರಕ್ಕೆ ಸರಿದಿದ್ದರೆ ಒತ್ತಡದ ಮೇಲೆ ಅನುಮಾನ ಪಡಬೇಕು. ಒಂದೇ ಬದಿ ಹೆಚ್ಚು ಸವೆದಿದ್ದರೆ ಸೀಲ್ ಓರೆಯಾಗಿ ಕೂತಿತ್ತು, ಇಲ್ಲವೇ ಶಾಫ್ಟ್ ನಡುವಿನಲ್ಲಿ ಓಡುತ್ತಿಲ್ಲ.

ಈಗ ಲಿಪ್ ಉಜ್ಜುತ್ತಿದ್ದ ಶಾಫ್ಟ್‌ನ ಅಥವಾ ಪುಲ್ಲಿ ಹಬ್‌ನ ಮೈಯನ್ನು ಒರೆಸಿ, ಉಗುರನ್ನು ಅದರ ಮೇಲೆ ಅಡ್ಡ ಎಳೆಯಿರಿ. ಹೊಳೆಯುವ ಗೆರೆ ಕಣ್ಣಿಗೆ ಕಂಡು ಉಗುರಿಗೆ ಸಿಗದಿದ್ದರೆ ಚಿಂತೆಯಿಲ್ಲ. ಉಗುರು ತಡೆದು ನಿಂತರೆ ಅಲ್ಲಿ ತೋಡು ಬಿದ್ದಿದೆ. ಮೆತ್ತನೆಯ ರಬ್ಬರ್ ಉಕ್ಕನ್ನು ಸವೆಸುತ್ತದೆಯೇ ಎಂದು ಅಚ್ಚರಿಯಾಗಬಹುದು. ಲಿಪ್ಪಿನಲ್ಲಿ ಸಿಕ್ಕಿಕೊಂಡ ಧೂಳಿನ ಕಣಗಳು ಆ ಕೆಲಸ ಮಾಡುತ್ತವೆ. ಈ ತೋಡಿನ ಮೇಲೆ ಹೊಸ ಸೀಲ್ ಕೂರಿಸಿದರೆ ಲಿಪ್ ಅದರೊಳಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ.

ದಾರಿಗಳಿವೆ. ಚೈನ್ ಎಂಜಿನ್ನಿನಲ್ಲಾದರೆ ಪುಲ್ಲಿಯನ್ನೇ ಬದಲಿಸುವುದು ನೇರ ಪರಿಹಾರ. ಶಾಫ್ಟ್ ಮೇಲೇ ತೋಡು ಇದ್ದರೆ ರಿಪೇರಿ ಸ್ಲೀವ್ ಸಿಗುತ್ತದೆ. ಇದು ಕಾಲು ಮಿಲಿಮೀಟರಿನಷ್ಟು ತೆಳುವಾದ ಸ್ಟೇನ್‌ಲೆಸ್ ಉಕ್ಕಿನ ಕೊಳವೆ, ಶಾಫ್ಟ್ ಮೇಲೆ ಬಡಿದು ಏರಿಸಿದರೆ ಹೊಸ ಮೈ ಸಿಕ್ಕಂತೆ. ಇಷ್ಟು ತೆಳುವಾಗಿರುವುದರಿಂದ ಮೊದಲಿನ ಅಳತೆಯ ಸೀಲೇ ಸಾಕು. ಮೂರನೆಯ ದಾರಿ, ಗೂಡಿನಲ್ಲಿ ಜಾಗವಿದ್ದರೆ ಹೊಸ ಸೀಲನ್ನು ಒಂದು ಮಿಲಿಮೀಟರ್ ಹಿಂದೆ ಅಥವಾ ಮುಂದೆ ಕೂರಿಸಿ ಲಿಪ್ ಸವೆಯದ ಜಾಗದಲ್ಲಿ ಉಜ್ಜುವಂತೆ ಮಾಡುವುದು. ಹಾಗೆ ಮಾಡುವಾಗ ಸೀಲಿನ ಹಿಂದೆ ಎಣ್ಣೆ ವಾಪಸ್ ಹೋಗುವ ರಂಧ್ರ ಇದ್ದರೆ ಅದು ಮುಚ್ಚದಂತೆ ನೋಡಿಕೊಳ್ಳಿ.

ಸಣ್ಣ ತುಕ್ಕಿದ್ದರೆ ಅತಿ ನಯವಾದ ಎಮರಿ ಪೇಪರಿಗೆ ಎಣ್ಣೆ ಹಚ್ಚಿ ಶಾಫ್ಟ್‌ನ ಸುತ್ತಳತೆಯ ದಿಕ್ಕಿನಲ್ಲಷ್ಟೇ ಉಜ್ಜಿ. ಅದಕ್ಕೆ ಮುಂಚೆ ಒಳಗಿನ ಸಂದಿಯನ್ನು ಬಟ್ಟೆಯಿಂದ ಮುಚ್ಚಿ, ಪುಡಿ ಎಂಜಿನ್ನಿನೊಳಕ್ಕೆ ಹೋಗಬಾರದು. ಕೀ ಕೂರುವ ತೋಡಿನ ಅಂಚು ಚೂಪಾಗಿದ್ದರೆ ಅದನ್ನೂ ಮೆಲ್ಲಗೆ ಮಟ್ಟ ಮಾಡಿ. ಬೆಲ್ಟ್ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಗ್ಯಾಸ್ಕೆಟ್ ಸುತ್ತ ಒದ್ದೆ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಇದ್ದರೆ ಸೀಲ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ.

ಹೊಸದನ್ನು ಕೂರಿಸುವುದು

ಗೂಡನ್ನು ಒರೆಸಿ ಎಣ್ಣೆಯಿಲ್ಲದಂತೆ ಶುಚಿ ಮಾಡಿ. ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಎಂಜಿನ್ನಿನ ಒಳಕ್ಕೆ, ಎಣ್ಣೆಯ ಕಡೆಗೆ ಬರಬೇಕು. ರಬ್ಬರ್ ಲಿಪ್ ಇದ್ದರೆ ಅದಕ್ಕೆ ಎಂಜಿನ್ ಆಯಿಲ್ ಸವರಿ. ಬಡಿಯುವಾಗ ಸ್ಪ್ರಿಂಗ್ ಹಾರಿಹೋಗದಂತೆ ಅದರ ತೋಡಿಗೆ ಸ್ವಲ್ಪ ಗ್ರೀಸ್ ತುಂಬಿದರೆ ಒಳ್ಳೆಯದು.

ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಜಾತಿಯ ಲಿಪ್ ಇರುವ ಸೀಲಿಗೆ ನಿಯಮ ಪೂರಾ ಉಲ್ಟಾ. ಇದರಲ್ಲಿ ಸ್ಪ್ರಿಂಗ್ ಇರುವುದಿಲ್ಲ, ಲಿಪ್ ಅಗಲವಾಗಿ ಗಟ್ಟಿಯಾಗಿರುತ್ತದೆ, ಜೊತೆಗೆ ಪ್ಲಾಸ್ಟಿಕ್ ಕೊಳವೆ ಬಂದಿರುತ್ತದೆ. ಇದನ್ನು ಒಣಗಿದ ಶಾಫ್ಟ್ ಮೇಲೆ ಒಣಗಿದ್ದಂತೆಯೇ ಕೂರಿಸಬೇಕು, ಎಣ್ಣೆ ಮುಟ್ಟಿಸಬಾರದು. ಕೊಳವೆಯನ್ನು ಕೊನೆಯ ಗಳಿಗೆಯವರೆಗೆ ತೆಗೆಯಬೇಡಿ. ಕೂರಿಸಿದ ಮೇಲೆ ಲಿಪ್ ಶಾಫ್ಟಿಗೆ ಹೊಂದಿಕೊಳ್ಳಲು ಕೆಲವು ತಾಸು ಬಿಟ್ಟು ಎಂಜಿನ್ ಸ್ಟಾರ್ಟ್ ಮಾಡುವಂತೆ ಹಲವು ತಯಾರಕರು ಹೇಳುತ್ತಾರೆ. ಪೊಟ್ಟಣದ ಮೇಲಿನ ಸೂಚನೆ ಓದಿ.

ಲಿಪ್ ಕೀ ತೋಡಿನ ಅಂಚಿಗೆ ತಾಗಿ ಹರಿಯದಂತೆ ಶಾಫ್ಟ್ ತುದಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಥವಾ ಟೇಪ್ ಸುತ್ತಿ, ಅದರ ಮೇಲೆ ಸೀಲ್ ಜಾರಿಸಿ. ಬೆರಳಿನಿಂದ ಗೂಡಿನ ಬಾಯಿಗೆ ಸಮವಾಗಿ ಒತ್ತಿದ ಮೇಲೆ ಟೇಪ್ ತೆಗೆದುಬಿಡಿ. ಆಮೇಲೆ ಸೀಲಿನ ಹೊರ ಅಂಚಿಗೆ ಮಾತ್ರ ತಾಗುವ ಅಳತೆಯ ಪೈಪ್ ಇಟ್ಟು ಒಳಕ್ಕೆ ತಳ್ಳಿ. ಸುತ್ತಿಗೆಗಿಂತ ನನಗೆ ಹೆಚ್ಚು ನಂಬಿಕೆ ಇರುವುದು ಬೋಲ್ಟ್ ಮೇಲೆ: ಪೈಪಿನ ಮೇಲೆ ದಪ್ಪ ವಾಷರ್ ಇಟ್ಟು ಹಳೆಯ ಕ್ರ್ಯಾಂಕ್ ಬೋಲ್ಟನ್ನು ಶಾಫ್ಟಿಗೆ ಮೆಲ್ಲಗೆ ತಿರುಗಿಸಿದರೆ ಸೀಲ್ ತಾನಾಗಿ ನೇರಕ್ಕೆ ಒಳಗೆ ಹೋಗುತ್ತದೆ. ಕ್ರ್ಯಾಂಕ್ ತಿರುಗದಂತೆ ಲಾಕ್ ಹಾಗೆಯೇ ಇರಲಿ. ಬರೆದಿಟ್ಟುಕೊಂಡ ಆಳಕ್ಕೆ ಬಂದ ಕೂಡಲೇ ನಿಲ್ಲಿಸಿ, ನಾಲ್ಕು ಕಡೆ ವರ್ನಿಯರ್ ಇಟ್ಟು ಅಳೆಯಿರಿ. ನಾಲ್ಕೂ ಅಳತೆ ಒಂದೇ ಬರಬೇಕು. ಓರೆಯಾಗಿ ಹೋಗಿ ತಗಡು ಬಾಗಿದ ಸೀಲನ್ನು ತಿದ್ದಲು ಹೋಗದೆ ಇನ್ನೊಂದು ತನ್ನಿ.

ಮರುಜೋಡಣೆ

ಪುಲ್ಲಿಯ ಹಬ್ ಸೀಲಿನೊಳಗೆ ಹೋಗುವಂಥದ್ದಾದರೆ, ರಬ್ಬರ್ ಲಿಪ್ ಇರುವಲ್ಲಿ, ಅದರ ಮೈಗೆ ಎಣ್ಣೆ ಸವರಿ. ಫೋರ್ಡ್ ಮಾಡ್ಯುಲರ್ ವಿ8 ಥರದ ಕೆಲವು ಎಂಜಿನ್‌ಗಳಲ್ಲಿ ಕೀ ತೋಡಿನ ಮೂಲಕವೇ ಎಣ್ಣೆ ಹೊರಬರುತ್ತದೆ. ಅಲ್ಲಿ ಆ ತೋಡಿಗೆ ಒಂದಿಷ್ಟು ಸಿಲಿಕೋನ್ ಸೀಲಂಟ್ ಹಚ್ಚಲು ಮ್ಯಾನ್ಯುಯಲ್ ಹೇಳುತ್ತದೆ. ಇದನ್ನು ಮರೆತವರು ಸೀಲನ್ನು ಸುಮ್ಮನೆ ದೂರುತ್ತಾರೆ.

ಬೆಲ್ಟ್ ಎಂಜಿನ್ನಿನಲ್ಲಿ ಕೀ, ಗೈಡ್ ಪ್ಲೇಟ್, ಸ್ಪ್ರಾಕೆಟ್, ಹೊಸ ಬೆಲ್ಟ್, ಟೆನ್ಷನರ್ ಎಲ್ಲ ಹಾಕಿ ಗುರುತು ಕೂಡಿಸಿ. ಆಮೇಲೆ ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬರುತ್ತದೆ, ಎಲ್ಲ ಗುರುತೂ ಮತ್ತೆ ಕೂಡಬೇಕು. ನಡುವೆ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ, ಟೈಮಿಂಗ್ ಮತ್ತೆ ನೋಡಿ.

ಕ್ರ್ಯಾಂಕ್ ಬೋಲ್ಟ್ ಹಲವು ಗಾಡಿಗಳಲ್ಲಿ ಒಮ್ಮೆ ಮಾತ್ರ ಬಳಸುವಂಥದ್ದು. ಮೊದಲು ಇಷ್ಟು ಟಾರ್ಕ್, ಆಮೇಲೆ ಇಷ್ಟು ಡಿಗ್ರಿ ಎಂದು ಎರಡು ಹಂತದಲ್ಲಿ ಬಿಗಿಯುವಾಗ ಅದು ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದ ಹಳೆಯ ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಥ್ರೆಡ್‌ಗೆ ಎಣ್ಣೆ ಹಚ್ಚಬೇಕೇ ಬೇಡವೇ ಎಂಬುದಕ್ಕೂ ಮ್ಯಾನ್ಯುಯಲ್ ಮಾತೇ ಕೊನೆ, ಏಕೆಂದರೆ ಎಣ್ಣೆ ಇದ್ದರೆ ಅದೇ ಟಾರ್ಕಿಗೆ ಬೋಲ್ಟ್ ಹೆಚ್ಚು ಬಿಗಿಯಾಗುತ್ತದೆ. ಇಂಪ್ಯಾಕ್ಟ್ ಗನ್ ಹಿಡಿದು ಅಂದಾಜಿನಲ್ಲಿ ಬಿಗಿಯಬೇಡಿ. ಇಲ್ಲಿ ಬೋಲ್ಟ್ ಸಡಿಲವಾದರೆ ಕೀ ತೋಡು ತಿಂದುಹೋಗಿ ಕ್ರ್ಯಾಂಕ್‌ಶಾಫ್ಟೇ ಹಾಳಾಗುತ್ತದೆ.

ಸ್ಟಾರ್ಟ್ ಮಾಡಿದ ಮೇಲೆ

ಫ್ಯಾನ್ ಬೆಲ್ಟ್‌ಗೂ ಎಣ್ಣೆ ತಾಗಿದ್ದರೆ ಹೊಸದು ಹಾಕಿ. ಆಯಿಲ್ ಮಟ್ಟ ನೋಡಿ, ಬ್ಯಾಟರಿ ಜೋಡಿಸಿ, ಶೀಲ್ಡ್ ಹಾಕದೆಯೇ ಸ್ಟಾರ್ಟ್ ಮಾಡಿ. ಐಡಲ್‌ನಲ್ಲಿ ಎಂಜಿನ್ ಬಿಸಿಯಾಗುವವರೆಗೆ ಬಿಟ್ಟು, ಕೂದಲು, ಬಟ್ಟೆ, ಕೈ ಬೆಲ್ಟಿನಿಂದ ದೂರವಿಟ್ಟು ಪುಲ್ಲಿಯ ಹಿಂಬದಿಯನ್ನು ಟಾರ್ಚ್ ಹಾಕಿ ಗಮನಿಸಿ. ಪುಲ್ಲಿ ಅಲುಗಾಡದೆ ನೇರ ತಿರುಗುತ್ತಿರಬೇಕು. ನಂತರ ಶೀಲ್ಡ್, ಚಕ್ರ ಹಾಕಿ, ಗಾಡಿ ಇಳಿಸಿ, ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯಿರಿ.

ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಕೆಳಗಿನಿಂದ ನೋಡಿ. ಎಷ್ಟು ತೊಳೆದರೂ ಸಂದಿಗಳಲ್ಲಿ ಉಳಿದ ಹಳೆಯ ಎಣ್ಣೆ ಮೊದಲ ಕೆಲವು ದಿನ ಜಿನುಗಬಹುದು, ಅದನ್ನು ಒರೆಸಿ ಮತ್ತೆ ಕಾಯಿರಿ. ಒರೆಸಿದ ಮೇಲೂ ಪುಲ್ಲಿಯ ಹಿಂದೆ ಹೊಸ ಎಣ್ಣೆ ಬಂದರೆ ಸೀಲನ್ನು ಕೀಳುವ ಮೊದಲು ಆಯಿಲ್ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಡ ನೋಡಿ, ಆಮೇಲೆ ಕೀ ತೋಡು, ಆಮೇಲೆ ಆಯಿಲ್ ಪಂಪ್ ಅಥವಾ ಟೈಮಿಂಗ್ ಕವರಿನ ಗ್ಯಾಸ್ಕೆಟ್.